ಗೋಣಿಯೇ ಚಿತ್ರವಾದಾಗ: ಅಮೂರ್ತ ಕಲೆ ಮತ್ತು ಅದರ ಅನಿರೀಕ್ಷಿತ ಸಾಮಗ್ರಿಗಳು

ಪ್ರಶ್ನೆ: ಇತ್ತೀಚಿನ ಅಮೂರ್ತ ಕಲಾಕೃತಿಗಳಲ್ಲಿ ಬಾಟಲಿ ಮುಚ್ಚಳ, ಡಾಂಬರು, ಸುಟ್ಟ ಪ್ಲಾಸ್ಟಿಕ್, ಕೂದಲು, ಹರಿದ ಜಾಹೀರಾತು ಕಾಗದ ಇಂಥವು ಹೆಚ್ಚಾಗಿ ಕಾಣುತ್ತಿವೆ. ಕಲಾವಿದರು ಬಣ್ಣ ಮತ್ತು ಕ್ಯಾನ್ವಾಸನ್ನು ಬಿಟ್ಟು ಇವುಗಳ ಕಡೆಗೆ ಹೋದದ್ದೇಕೆ? ಮುಚ್ಚಳವು ಮುಚ್ಚಳವಾಗಿಯೇ ಕಾಣುತ್ತಿರುವಾಗ ಅಂಥ ಕೃತಿಯನ್ನು ಅಮೂರ್ತವೆಂದು ಕರೆಯುವುದು ಹೇಗೆ? ಇವುಗಳಲ್ಲಿ ಗಟ್ಟಿ ಕೆಲಸ ಯಾವುದು, ಹೊಸತನದ ಚಪಲ ಯಾವುದು ಎಂದು ಗುರುತಿಸುವುದು ಹೇಗೆ? ನಾನೂ ಚಿತ್ರ ಬರೆಯುತ್ತೇನೆ. ಇಂಥ ಸಾಮಗ್ರಿಗಳನ್ನು ಬಳಸಿದರೆ ಕೃತಿ ಬಾಳಿಕೆ ಬರುತ್ತದೆಯೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ತೊಡಗುತ್ತೇನೆ, ಏಕೆಂದರೆ ಉಳಿದವುಗಳ ಉತ್ತರ ಬಹುಮಟ್ಟಿಗೆ ಅದರೊಳಗೇ ಇದೆ. 'ಅಮೂರ್ತ' ಎಂಬ ನಮ್ಮ ಪದ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಕೈಗೆ ಸಿಗದ್ದು, ಆಕಾರವಿಲ್ಲದ್ದು, ಮನಸ್ಸಿನಲ್ಲಷ್ಟೇ ಇರುವುದು ಎಂಬ ಅರ್ಥ ಆ ಪದದ ಬೆನ್ನಿಗೇ ಬರುತ್ತದೆ. ಆದರೆ ಅಮೂರ್ತ ಕಲಾಕೃತಿಯಲ್ಲಿ ಇಲ್ಲದಿರುವುದು ಹೋಲಿಕೆ ಮಾತ್ರ, ವಸ್ತುವಲ್ಲ. ಮರದ ಚಿತ್ರವೊಂದನ್ನು ನೋಡುವಾಗ ನಮ್ಮ ಕಣ್ಣು ಬಣ್ಣವನ್ನು ದಾಟಿ ಮರದ ಕಡೆಗೆ ಹೋಗಿಬಿಡುತ್ತದೆ. ಮರವೇ ಇಲ್ಲವಾದಾಗ ಕಣ್ಣಿಗೆ ದಾಟಿ ಹೋಗಲು ಜಾಗವಿಲ್ಲದೆ ಅದು ಬಣ್ಣದ ಮೇಲೆಯೇ ನಿಂತು, ಅದರ ದಪ್ಪ, ಹೊಳಪು, ಒರಟುತನ, ಸೋರಿಕೆಗಳನ್ನು ಗಮನಿಸತೊಡಗುತ್ತದೆ. ಹಾಗೆ ನೋಡಿದರೆ ಅಮೂರ್ತ ಕಲೆಯೇ ಎಲ್ಲ ಚಿತ್ರಕಲೆಗಳಲ್ಲಿ ಅತ್ಯಂತ ಮೂರ್ತವಾದದ್ದು. ಒಮ್ಮೆ ಈ ಮಾತನ್ನು ಒಪ್ಪಿಕೊಂಡರೆ ತೈಲವರ್ಣಕ್ಕೆ ವಿಶೇಷವಾದ ಹಕ್ಕೇನೂ ಉಳಿಯುವುದಿಲ್ಲ. ಅಗಸೆ ಎಣ್ಣೆಯಲ್ಲಿ ಅರೆದ ಖನಿಜದ ಪುಡಿ ಹೇಗೆ ಒಂದು ವಸ್ತುವೋ ಹಾಗೆಯೇ ಗೋಣಿಬಟ್ಟೆಯೂ ಒಂದು ವಸ್ತು, ಡಾಂಬರೂ ಒಂದು ವಸ್ತು.

ಇದರ ಆರಂಭವನ್ನು ಸಾಮಾನ್ಯವಾಗಿ 1912ಕ್ಕೆ ಒಯ್ಯುತ್ತಾರೆ. ಆ ವರ್ಷ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆಯನ್ನು ಮುದ್ರಿಸಿದ್ದ ಮೇಣಬಟ್ಟೆಯ ತುಂಡೊಂದನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗದ ಚೌಕಟ್ಟು ಕಟ್ಟಿದರು. ಆ ಚಿತ್ರ ಅಮೂರ್ತವಲ್ಲ, ಆದರೆ ಬಾಗಿಲು ತೆರೆದದ್ದು ಅದೇ. 1947ರ 'ಫುಲ್ ಫ್ಯಾದಮ್ ಫೈವ್' ಚಿತ್ರದಲ್ಲಿ ಜಾಕ್ಸನ್ ಪೊಲಾಕ್ ಮೊಳೆ, ಗುಂಡಿ, ಕೀಲಿಕೈ, ನಾಣ್ಯ, ಸಿಗರೇಟುಗಳನ್ನು ಬಣ್ಣದೊಳಗೆ ಹೂತಿಟ್ಟಿದ್ದಾರೆ. ಪೊಲಾಕ್ ಅವರಲ್ಲಿ ಈ ವಸ್ತುಗಳು ಬಣ್ಣದ ಕೆಳಗೆ ಇವೆ. ಮುಂದಿನವರಲ್ಲಿ ಅವು ಮೇಲಕ್ಕೆ ಬಂದವು, ಕೊನೆಗೆ ಬಣ್ಣವನ್ನೇ ಹೊರಗೆ ಕಳಿಸಿದವು.

ಹಾಗೆ ಕಳಿಸಿದವರಲ್ಲಿ ನನಗೆ ಅತ್ಯಂತ ಮುಖ್ಯರಾಗಿ ಕಾಣುವವರು ಇಟಲಿಯ ಆಲ್ಬರ್ಟೊ ಬುರ್ರಿ. ಅವರು ವೈದ್ಯರು. ಎರಡನೆಯ ಮಹಾಯುದ್ಧದಲ್ಲಿ 1943ರಲ್ಲಿ ಟ್ಯುನೀಸಿಯಾದಲ್ಲಿ ಸೆರೆಸಿಕ್ಕು, ಅಮೆರಿಕದ ಟೆಕ್ಸಾಸ್ ರಾಜ್ಯದ ಹೆರಿಫೋರ್ಡ್ ಶಿಬಿರದಲ್ಲಿ ಯುದ್ಧಕೈದಿಯಾಗಿದ್ದಾಗ ಚಿತ್ರ ಬರೆಯಲು ಆರಂಭಿಸಿದರು. ಬರೆಯಲು ಸಿಕ್ಕ ಬಟ್ಟೆ ಗೋಣಿ. ಬಿಡುಗಡೆಯ ನಂತರ ವೈದ್ಯವೃತ್ತಿಗೆ ಮರಳಲಿಲ್ಲ, ಗೋಣಿಯನ್ನು ಮಾತ್ರ ಬಿಡಲಿಲ್ಲ. 1950ರ ದಶಕದ ಅವರ 'ಸಾಕ್ಕಿ' ಸರಣಿಯಲ್ಲಿ ಗೋಣಿಯ ಮೇಲೆ ಏನನ್ನೂ ಬರೆದಿಲ್ಲ, ಗೋಣಿಯೇ ಚಿತ್ರವಾಗಿದೆ. ಹರಿದ ತುಂಡುಗಳನ್ನು ಎಳೆದು ಹೊಲಿದಿದ್ದಾರೆ, ತೂತಿನ ಮೂಲಕ ಹಿಂದಿನ ಕೆಂಪು ಅಥವಾ ಕಪ್ಪು ಇಣುಕುತ್ತದೆ. ಗಾಯ, ಹೊಲಿಗೆ, ರಕ್ತ ಎಂದೆಲ್ಲ ವಿಮರ್ಶಕರು ಬರೆದರು. ಆದರೆ ಬುರ್ರಿ ಅಂಥ ವ್ಯಾಖ್ಯಾನಗಳನ್ನು ಒಪ್ಪದೆ, ತಮ್ಮ ಕೃತಿಗಳನ್ನು ಮಾತಿನಲ್ಲಿ ವಿವರಿಸಲು ಕೊನೆಯವರೆಗೂ ಹಿಂಜರಿದರು. ಇಲ್ಲಿ ಅವರ ಪಕ್ಷ ವಹಿಸಬೇಕೆಂದು ನನಗೆ ಅನ್ನಿಸುತ್ತದೆ: ಗೋಣಿಯನ್ನು ಚರ್ಮದ ಸಂಕೇತವೆಂದು ಓದಿದ ಕೂಡಲೇ ನಾವು ಮತ್ತೆ ಹೋಲಿಕೆಗೆ ಮರಳಿ, ಎದುರಿಗಿರುವ ಬಟ್ಟೆಯ ಎಳೆತ, ಸಡಿಲ, ನೂಲಿನ ದಪ್ಪವನ್ನು ನೋಡುವುದನ್ನೇ ನಿಲ್ಲಿಸಿಬಿಡುತ್ತೇವೆ.

ಬುರ್ರಿ ಮುಂದೆ ಪ್ಲಾಸ್ಟಿಕ್ ಹಾಳೆಗಳನ್ನು ಬೆಂಕಿಯಿಂದ ಕರಗಿಸಿದರು, 1970ರ ದಶಕದಲ್ಲಿ 'ಕ್ರೆತ್ತಿ' ಎಂಬ ಬಿರುಕಿನ ಕೃತಿಗಳನ್ನು ಮಾಡಿದರು. ಈ ಬಿರುಕಿನ ಕೃತಿಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬಿಳಿ ಜೇಡಿಯಂಥ ಮಿಶ್ರಣವನ್ನು ಅಂಟಿನೊಡನೆ ಕಲಸಿ ಹಲಗೆಯ ಮೇಲೆ ಹರಡಿದಾಗ, ನೀರು ಆರುತ್ತಾ ಹೋದಂತೆ ಪದರ ಕುಗ್ಗುತ್ತದೆ. ಕೆಳಗಿನ ಹಲಗೆ ಕುಗ್ಗುವುದಿಲ್ಲ. ಆ ಎಳೆದಾಟದಲ್ಲಿ ಪದರ ಸೀಳುತ್ತದೆ. ಪದರ ದಪ್ಪವಿದ್ದಲ್ಲಿ ಬಿರುಕುಗಳು ಅಗಲವಾಗಿ ದೂರದೂರಕ್ಕೆ, ತೆಳುವಿದ್ದಲ್ಲಿ ಸಣ್ಣಗೆ ಒತ್ತೊತ್ತಾಗಿ ಬೀಳುತ್ತವೆ. ಬುರ್ರಿ ಬಿರುಕನ್ನು ಬರೆಯಲಿಲ್ಲ, ಬಿರುಕು ಬೀಳುವ ಪರಿಸ್ಥಿತಿಯನ್ನು ಅಳೆದು ನಿರ್ಮಿಸಿದರು. ಇದೇ ಕಲ್ಪನೆಯನ್ನು ಅವರು ಸಿಸಿಲಿಯ ಗಿಬೆಲ್ಲಿನಾದಲ್ಲಿ ಊರಿನ ಅಳತೆಗೆ ಬೆಳೆಸಿದರು: 1968ರ ಭೂಕಂಪದಲ್ಲಿ ಅಳಿದ ಊರಿನ ಅವಶೇಷಗಳನ್ನು ಬಿಳಿ ಕಾಂಕ್ರೀಟಿನಲ್ಲಿ ಮುಚ್ಚಿ, ಹಳೆಯ ಬೀದಿಗಳನ್ನು ನೆನಪಿಸುವ ಸೀಳುಗಳನ್ನು ಉಳಿಸಿದರು. 1984ರಲ್ಲಿ ಶುರುವಾದ ಆ ಕೆಲಸ ಅವರು ತೀರಿಕೊಂಡ ಇಪ್ಪತ್ತು ವರ್ಷಗಳ ನಂತರ, 2015ರಲ್ಲಿ ಪೂರ್ಣಗೊಂಡಿತು. ಆ ಬಿರುಕುಗಳ ನಡುವೆ ಜನ ನಡೆದಾಡಬಹುದು.

ಈಗ ಇದರ ಪಕ್ಕದಲ್ಲಿ ಇನ್ನೊಬ್ಬರ ಗೋಣಿಯನ್ನಿಟ್ಟು ನೋಡೋಣ. ಕೊರಿಯಾದ ಹಾ ಚೊಂಗ್-ಹ್ಯುನ್ 1974ರಿಂದ 'ಕನ್‌ಜಂಕ್ಷನ್' ಎಂಬ ಸರಣಿಯಲ್ಲಿ ಗೋಣಿಯನ್ನೇ ಬಳಸುತ್ತ ಬಂದವರು. ಅವರು ಗೋಣಿಯನ್ನು ಹರಿಯುವುದಿಲ್ಲ, ಹೊಲಿಯುವುದೂ ಇಲ್ಲ. ದಪ್ಪ ಬಣ್ಣವನ್ನು ಬಟ್ಟೆಯ ಹಿಂಬದಿಯಿಂದ ಒತ್ತುತ್ತಾರೆ. ಬಣ್ಣ ಬಿಡಿ ನೇಯ್ಗೆಯ ಸಂದುಗಳಲ್ಲಿ ತೂರಿ ಮುಂಬದಿಗೆ ಹನಿಹನಿಯಾಗಿ ಮೂಡುತ್ತದೆ. ಒಂದೇ ಗೋಣಿ, ಒಬ್ಬರ ಕೈಯಲ್ಲಿ ಅದು ಸೀಳುವ, ಕೂಡಿಸುವ ಬಟ್ಟೆ, ಇನ್ನೊಬ್ಬರ ಕೈಯಲ್ಲಿ ಸೋಸುವ ಜರಡಿ. ವಸ್ತು ವಿಚಿತ್ರವಾಗಿದೆ ಎಂಬುದರಿಂದ ಕೃತಿ ಹುಟ್ಟುವುದಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ವಸ್ತುವಿನ ಯಾವ ಗುಣಕ್ಕೆ ಕಲಾವಿದರ ಯಾವ ಕ್ರಿಯೆ ಒದಗಿ ಬಂತು ಎಂಬಲ್ಲಿ ಕೃತಿ ಹುಟ್ಟುತ್ತದೆ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಇವುಗಳ ಕಡೆಗೆ ಹೋದದ್ದೇಕೆ ಎಂಬುದು. ಪ್ರತಿಯೊಂದು ವಸ್ತುವಿಗೂ ಎರಡು ಸಂಗತಿಗಳಿರುತ್ತವೆ. ಒಂದು ಅದರ ಸ್ವಭಾವ: ಬಾಗುವುದು, ಹರಿಯುವುದು, ಸೀಳುವುದು, ಬೆಳಕನ್ನು ಬಿಡುವುದು ಅಥವಾ ತಡೆಯುವುದು. ಇನ್ನೊಂದನ್ನು ನಾನು ಅದರ ಪೂರ್ವಾಶ್ರಮ ಎಂದು ಕರೆಯುತ್ತೇನೆ: ಕಲೆಯೊಳಗೆ ಬರುವ ಮೊದಲು ಅದು ಯಾರ ಕೈಯಲ್ಲಿತ್ತು, ಏನು ಕೆಲಸ ಮಾಡುತ್ತಿತ್ತು ಎಂಬುದು. ಕೊಳವೆಯಿಂದ ಹಿಂಡಿದ ಹೊಸ ಬಣ್ಣಕ್ಕೆ ಸ್ವಭಾವವುಂಟು, ಪೂರ್ವಾಶ್ರಮ ಇಲ್ಲವೆನ್ನುವಷ್ಟು ಕಡಿಮೆ. ಬಳಸಿ ಬಿಸುಟ ವಸ್ತುವಿನಲ್ಲಿ ಎರಡೂ ತುಂಬಿರುತ್ತವೆ. ಯಾವ ಆಕೃತಿಯನ್ನೂ ಬರೆಯದೆ ಜಗತ್ತನ್ನು ಕೃತಿಯೊಳಗೆ ತರಬೇಕೆಂದಿರುವ ಕಲಾವಿದರಿಗೆ ಇದಕ್ಕಿಂತ ನೇರವಾದ ದಾರಿ ಬೇರೆ ಇಲ್ಲ.

ಎಲ್ ಅನಾಟ್ಸುಯಿ ಅವರ ಮುಚ್ಚಳಗಳನ್ನೇ ತೆಗೆದುಕೊಳ್ಳಿ. 1944ರಲ್ಲಿ ಘಾನಾದಲ್ಲಿ ಹುಟ್ಟಿದ ಇವರು 1975ರಿಂದ ನೈಜೀರಿಯಾದ ಎನ್ಸುಕ್ಕಾ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತ ಮರ, ಜೇಡಿಮಣ್ಣುಗಳಲ್ಲಿ ಕೆಲಸ ಮಾಡುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಮದ್ಯದ ಬಾಟಲಿ ಮುಚ್ಚಳಗಳ ಚೀಲವೊಂದು ಅವರಿಗೆ ಸಿಕ್ಕಿತು. ತೆಳುವಾದ ಅಲ್ಯೂಮಿನಿಯಂ ಮುಚ್ಚಳಗಳನ್ನೂ ಬಾಟಲಿಯ ಕುತ್ತಿಗೆಯ ಪಟ್ಟಿಗಳನ್ನೂ ತಟ್ಟಿ, ಮಡಚಿ, ತಿರುಚಿ, ತೂತು ಹೊಡೆದು ತಾಮ್ರದ ತಂತಿಯಿಂದ ಒಂದಕ್ಕೊಂದು ಹೆಣೆದರೆ ಲೋಹವು ಬಟ್ಟೆಯಂತೆ ವರ್ತಿಸತೊಡಗುತ್ತದೆ, ಅಂದರೆ ತನ್ನ ಭಾರಕ್ಕೆ ತಾನೇ ನೆರಿಗೆ ಕಟ್ಟುತ್ತದೆ. ಕೆಂಪು, ಹಳದಿ, ಕಪ್ಪು, ಬೆಳ್ಳಿ ಬಣ್ಣಗಳೆಲ್ಲ ಮದ್ಯದ ಬ್ರ್ಯಾಂಡುಗಳಿಂದಲೇ ಬಂದವು. ಪೂರ್ವಾಶ್ರಮವೂ ಸಣ್ಣದಲ್ಲ: ಯುರೋಪಿನ ವರ್ತಕರು ಪಶ್ಚಿಮ ಆಫ್ರಿಕಾಕ್ಕೆ ತಂದ ಸರಕುಗಳಲ್ಲಿ ಮದ್ಯವೂ ಒಂದು, ಗುಲಾಮರ ವ್ಯಾಪಾರದಲ್ಲಿ ಅದು ವಿನಿಮಯದ ವಸ್ತುವಾಗಿತ್ತು. ಅನಾಟ್ಸುಯಿ ಹಡಗನ್ನಾಗಲಿ ಸರಪಳಿಯನ್ನಾಗಲಿ ಬಿಡಿಸಿಲ್ಲ. ಆ ಚರಿತ್ರೆಯನ್ನು ಮುಚ್ಚಳವೇ ಹೊತ್ತು ತಂದಿದೆ.

ಅವರ ಕೃತಿಗಳಿಗೆ ಖಚಿತವಾದ ಒಂದೇ ರೂಪವಿಲ್ಲ ಎಂಬುದು ಇನ್ನೂ ದೊಡ್ಡ ಮಾತು. ಅನೇಕ ಸಹಾಯಕರು ತುಂಡುತುಂಡಾಗಿ ಹೆಣೆದದ್ದನ್ನು ನೆಲದ ಮೇಲೆ ಹರಡಿ ಜೋಡಿಸಲಾಗುತ್ತದೆ. ಮುಗಿದ ಕೃತಿಯನ್ನು ಮಡಚಿ ಸಾಗಿಸಲಾಗುತ್ತದೆ. ತೂಗುಹಾಕುವವರು ನೆರಿಗೆಗಳನ್ನು ತಮಗೆ ತೋಚಿದಂತೆ ಕೂರಿಸಲು ಕಲಾವಿದರ ಒಪ್ಪಿಗೆ ಇದೆ. ಹೀಗಾಗಿ ಒಂದೇ ಕೃತಿ ಎರಡು ಊರುಗಳಲ್ಲಿ ಎರಡು ಬಗೆಯಾಗಿ ಕಾಣುತ್ತದೆ. ಎರಡು ವರ್ಷಕ್ಕೊಮ್ಮೆ ಇಟಲಿಯಲ್ಲಿ ನಡೆಯುವ ಕಲಾಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ 2007ರಲ್ಲಿ ಈ ಲೋಹದ ತೆರೆಗಳನ್ನು ಜಗತ್ತು ಗಮನಿಸಿತು, 2015ರಲ್ಲಿ ಅಲ್ಲಿಯೇ ಜೀವಮಾನದ ಸಾಧನೆಗಾಗಿ ಅವರಿಗೆ ಚಿನ್ನದ ಸಿಂಹ ಪ್ರಶಸ್ತಿ ಬಂತು, 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದ ಭಾರಿ ಟರ್ಬೈನ್ ಹಾಲ್‌ನಲ್ಲಿ ಅವು ತೂಗಿದವು.

ಪೂರ್ವಾಶ್ರಮ ಕಲಾವಿದರ ಸ್ವಂತ ಬದುಕಿನದೂ ಆಗಿರಬಹುದು. ಲಾಸ್ ಏಂಜಲೀಸಿನ ಮಾರ್ಕ್ ಬ್ರಾಡ್‌ಫೋರ್ಡ್ ತಾಯಿಯ ಕೇಶಾಲಂಕಾರದ ಅಂಗಡಿಯಲ್ಲಿ ದುಡಿದವರು. ಕೂದಲಿಗೆ ಗುಂಗುರು ಕೂರಿಸುವಾಗ ತುದಿಗಳಿಗೆ ಸುತ್ತುವ ಅರೆಪಾರದರ್ಶಕ ಕಾಗದದ ಚೂರುಗಳೇ ಅವರ ಮೊದಲ ಮುಖ್ಯ ಸಾಮಗ್ರಿ. ಅಂಚುಗಳನ್ನು ಸುಟ್ಟು ಸಾಲುಸಾಲಾಗಿ ಅಂಟಿಸಿದಾಗ ಅವು ಮಸುಕಾದ ಚೌಕಳಿಯಾಗುತ್ತವೆ. ಮುಂದೆ ಅವರು ಬೀದಿಯ ಭಿತ್ತಿಪತ್ರಗಳನ್ನು ಪದರಪದರವಾಗಿ ಅಂಟಿಸಿ ಉಜ್ಜುವ ಯಂತ್ರದಿಂದ ಕೆರೆದು ಒಳಪದರಗಳನ್ನು ಹೊರತೆಗೆಯಲು ತೊಡಗಿದರು. ಇಲ್ಲಿ ಚಿತ್ರ ಮೂಡುವುದು ಹಚ್ಚುವುದರಿಂದಲ್ಲ, ಕಳೆಯುವುದರಿಂದ. ಷಿಕಾಗೋದ ಥಿಯಾಸ್ಟರ್ ಗೇಟ್ಸ್ ಅವರ ತಂದೆ ಛಾವಣಿಗೆ ಡಾಂಬರು ಹಾಕುವ ಕಸುಬಿನವರು. ಮಗನ ಡಾಂಬರು ಚಿತ್ರಗಳಲ್ಲಿ ಅದೇ ಕಸುಬು, ಅದೇ ಹತಾರ.

ಶೀಲಾ ಗೌಡ ಅವರ ಕೆಲಸದಲ್ಲಿ ಸ್ವಭಾವ ಮತ್ತು ಪೂರ್ವಾಶ್ರಮಗಳ ಹದ ನನಗೆ ಬಹಳ ಮೆಚ್ಚುಗೆಯಾದದ್ದು. ಚಿತ್ರಕಲೆಯಲ್ಲಿ ತರಬೇತಿ ಪಡೆದ ಅವರು 1990ರ ದಶಕದ ಆರಂಭದಲ್ಲಿ ಸಗಣಿಯನ್ನು ಮಾಧ್ಯಮವಾಗಿ ತೆಗೆದುಕೊಂಡರು. 1998ರಲ್ಲಿ ಮೊದಲು ಮಾಡಿದ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಕೃತಿಯಲ್ಲಿ ಸೂಜಿಗಳಿಗೆ ಪೋಣಿಸಿದ ಉದ್ದುದ್ದ ದಾರಗಳನ್ನು ಅಂಟು ಮತ್ತು ಕುಂಕುಮದಿಂದ ಕೂಡಿಸಿ ಕೆಂಪು ಹುರಿಯಾಗಿಸಿದ್ದಾರೆ. ಅದು ಗೋಡೆಯಿಂದ ನೆಲಕ್ಕಿಳಿದು ಸುತ್ತಿ ಹರಿಯುತ್ತದೆ, ಕೊನೆಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ಜೋತುಬಿದ್ದಿವೆ. ದೂರದಿಂದ ನೋಡಿದರೆ ಅದು ಗಾಳಿಯಲ್ಲಿ ಎಳೆದ ಗೆರೆ, ಹತ್ತಿರ ಹೋದರೆ ಸಾವಿರ ಸಲ ದಾರ ಎಳೆದ ಕೈಯ ದಣಿವು. 2009ರಲ್ಲಿ ವೆನಿಸಿನಲ್ಲಿ ತೋರಿಸಿದ 'ಬಿಹೋಲ್ಡ್' ಕೃತಿಯಲ್ಲಿ ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4 ಕಿಲೋಮೀಟರ್ ಹಗ್ಗ ಉಕ್ಕಿನ ಕಾರ್ ಬಂಪರುಗಳನ್ನು ಎತ್ತಿ ಹಿಡಿದಿದೆ. ಒಂದೊಂದೇ ಎಳೆಯಾಗಿ ನವಿರಾದ ಕೂದಲು ಒಟ್ಟಾದಾಗ ಉಕ್ಕನ್ನು ಹೊರಬಲ್ಲದು ಎಂಬುದು ಅಲ್ಲಿ ಕಣ್ಣೆದುರಿನ ಸಂಗತಿ, ರೂಪಕವಲ್ಲ.

ಪೂರ್ವಾಶ್ರಮವನ್ನು ಬದಿಗಿಟ್ಟು ಸ್ವಭಾವವನ್ನೇ ನಂಬಿದವರೂ ಇದ್ದಾರೆ. ತಾರಾ ಡೊನೊವನ್ ಒಂದೇ ಬಗೆಯ ಫೋಮ್ ಲೋಟಗಳನ್ನು ಅಥವಾ ಪ್ಲಾಸ್ಟಿಕ್ ಕೊಳವೆಗಳನ್ನು ಎಣಿಕೆ ತಪ್ಪುವಷ್ಟು ರಾಶಿ ಹಾಕಿದಾಗ ಅವು ಲೋಟಗಳಾಗಿ ಉಳಿಯದೆ ಬೆಳಕನ್ನು ತುಂಬಿಕೊಂಡ ಮೋಡದಂತಾಗುತ್ತವೆ. ಅನಿಶ್ ಕಪೂರ್ ಅವರ 'ಸ್ವಯಂಭ್' ಕೃತಿಯಲ್ಲಿ ಕೆಂಪು ಮೇಣದ ದೊಡ್ಡ ಗಟ್ಟಿಯೊಂದು ಹಳಿಯ ಮೇಲೆ ಬಲು ನಿಧಾನವಾಗಿ ಚಲಿಸುತ್ತ ಕಟ್ಟಡದ ಬಾಗಿಲುಗಳಲ್ಲಿ ತೂರುತ್ತದೆ. ಬಾಗಿಲ ಚೌಕಟ್ಟೇ ಅದನ್ನು ಹೆರೆದು ಆಕಾರ ಕೊಡುತ್ತದೆ, ಹೆರೆದ ಮೇಣ ಗೋಡೆಗೆ ಮೆತ್ತಿಕೊಳ್ಳುತ್ತದೆ. ಜರ್ಮನಿಯ ವೊಲ್ಫ್‌ಗಾಂಗ್ ಲೈಬ್, ಇವರೂ ಬುರ್ರಿಯಂತೆ ವೈದ್ಯಶಾಸ್ತ್ರ ಓದಿ ಅದನ್ನು ಬಿಟ್ಟವರು, ಹೂವಿನ ಪರಾಗವನ್ನು ಕೈಯಾರೆ ಕೂಡಿಸಿ ಜಾಡಿಗಳಲ್ಲಿಟ್ಟು, ಪ್ರದರ್ಶನದ ವೇಳೆ ನೆಲದ ಮೇಲೆ ಜರಡಿ ಹಿಡಿದು ಹಳದಿಯ ಚೌಕವನ್ನು ಹರಡುತ್ತಾರೆ. 2013ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಹರಡಿದ ಪರಾಗವನ್ನು ಅವರು 1990ರ ದಶಕದ ನಡುವಿನಿಂದ ಕೂಡಿಸುತ್ತ ಬಂದಿದ್ದರು. ಆ ಹಳದಿ ಚೌಕಕ್ಕೆ ಖಚಿತವಾದ ಅಂಚಿಲ್ಲ. ಬಣ್ಣ ನೆಲದಿಂದ ತುಸು ಮೇಲೆ ತೇಲುತ್ತಿರುವಂತೆ ತೋರುತ್ತದೆ. ಇನ್ನು ಬಣ್ಣವೇ ಅಪರೂಪದ ಸಾಮಗ್ರಿಯಾಗಬಹುದು ಎಂದು ತೋರಿಸಿದವರು ಜಾಕ್ ವಿಟನ್: ಆಕ್ರಿಲಿಕ್ ಬಣ್ಣವನ್ನು ಹಾಳೆಯಂತೆ ಒಣಗಿಸಿ, ಚಿಕ್ಕ ಚೌಕಗಳಾಗಿ ಕತ್ತರಿಸಿ, ಮೊಸಾಯಿಕ್‌ನ ಕಲ್ಲುಗಳಂತೆ ಜೋಡಿಸಿದರು.

ಗಟ್ಟಿ ಯಾವುದು, ಜೊಳ್ಳು ಯಾವುದು ಎಂಬುದಕ್ಕೆ ನಾನು ಬಳಸುವ ಪರೀಕ್ಷೆ ಒಂದೇ. ಕೃತಿಯ ಸಾಮಗ್ರಿಯನ್ನು ಮನಸ್ಸಿನಲ್ಲಿ ಬದಲಿಸಿ ನೋಡಿ. ಅನಾಟ್ಸುಯಿ ಅವರ ಮುಚ್ಚಳಗಳ ಬದಲು ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳಿದ್ದರೆ ನೆರಿಗೆಯ ಭಾರವೂ ಹೋಗುತ್ತದೆ, ಮದ್ಯದ ಚರಿತ್ರೆಯೂ ಹೋಗುತ್ತದೆ, ಅಲಂಕಾರ ಮಾತ್ರ ಉಳಿಯುತ್ತದೆ. ಲೈಬ್ ಅವರ ಪರಾಗದ ಬದಲು ಅಂಗಡಿಯ ಹಳದಿ ಪುಡಿ ಇದ್ದರೆ ವರ್ಷಗಟ್ಟಲೆಯ ಸಂಗ್ರಹ ಸೊನ್ನೆಯಾಗುತ್ತದೆ. ಬದಲಿಸಿದರೂ ಕೃತಿ ಹಾಗೆಯೇ ಉಳಿಯುವುದಾದರೆ ಆ ಸಾಮಗ್ರಿ ಗಮನ ಸೆಳೆಯಲೆಂದು ಬಂದದ್ದು. ಈ ಪರೀಕ್ಷೆಯನ್ನು ನಿಂತ ಜಾಗದಲ್ಲೇ ಮಾಡಬೇಕು, ವಿವರಣೆಯ ಫಲಕವನ್ನು ಓದುವ ಮೊದಲೇ ಮಾಡಬೇಕು. ಫಲಕದಲ್ಲಿ ಸಾಮಗ್ರಿಯ ಕತೆ ಎಷ್ಟೇ ಮನಮಿಡಿಯುವಂತಿರಲಿ, ಆ ಕತೆ ಕೃತಿಯ ಮೈಮೇಲೆ ಎಲ್ಲಿಯೂ ಕೆಲಸ ಮಾಡದಿದ್ದರೆ ಅದು ಹೊರಗಿನಿಂದ ಅಂಟಿಸಿದ ಮಾತು. ಪ್ರಸಿದ್ಧರ ಕೃತಿಗಳೂ ಈ ಪರೀಕ್ಷೆಯಲ್ಲಿ ಸೋಲುತ್ತವೆ, ಅದನ್ನು ಹೇಳಲು ನೀವು ಹಿಂಜರಿಯಬೇಕಾಗಿಲ್ಲ.

ಬಾಳಿಕೆಯ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣವಾದದ್ದು. ಈವಾ ಹೆಸ್ಸೆ ಅವರ ಕೆಲಸ ಇದಕ್ಕೆ ದುಃಖದ ಉದಾಹರಣೆ. 1936ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿ 1970ರಲ್ಲಿ ತಮ್ಮ 34ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ ಅವರು, ಕೊನೆಯ ವರ್ಷಗಳಲ್ಲಿ ತೆಳುಬಟ್ಟೆಗೆ ದ್ರವ ಲ್ಯಾಟೆಕ್ಸ್ ಬಳಿದು, ಫೈಬರ್‌ಗ್ಲಾಸ್ ಜೊತೆ ಸೇರಿಸಿ, ಚರ್ಮದಂತೆ ಬೆಳಕು ಹಾಯುವ ಕೃತಿಗಳನ್ನು ಮಾಡಿದರು. ಲ್ಯಾಟೆಕ್ಸ್ ಎಂದರೆ ರಬ್ಬರಿನ ಹಾಲು. ಅದರ ಉದ್ದನೆಯ ಅಣುಸರಪಳಿಗಳನ್ನು ಗಾಳಿಯ ಆಮ್ಲಜನಕವೂ ಬೆಳಕೂ ಮುರಿಯುತ್ತ, ಅಡ್ಡಾದಿಡ್ಡಿಯಾಗಿ ಬೆಸೆಯುತ್ತ ಹೋಗುತ್ತವೆ. ಮೊದಲು ಅಂಟಂಟಾಗಿ, ಆಮೇಲೆ ಕಂದಾಗಿ, ಕೊನೆಗೆ ಮುಟ್ಟಿದರೆ ಪುಡಿಯಾಗುವಷ್ಟು ಗಡುಸಾಗಿ ಅದು ಬದಲಾಗುತ್ತದೆ. ಇದು ಹೆಸ್ಸೆಗೆ ತಿಳಿಯದ ಸಂಗತಿಯಲ್ಲ. ರಬ್ಬರು ಬಹುಕಾಲ ಉಳಿಯದೆಂದು ಗೊತ್ತಿದ್ದೂ, ಕೊಳ್ಳುವವರ ಬಗ್ಗೆ ಒಂದಿಷ್ಟು ಅಳುಕಿದ್ದೂ, ಅವರು ಅದನ್ನೇ ಆರಿಸಿಕೊಂಡರು. 1969ರ 'ಎಕ್ಸ್‌ಪಾಂಡೆಡ್ ಎಕ್ಸ್‌ಪಾನ್ಷನ್' ಮೂರು ಮೀಟರ್ ಎತ್ತರದ ಕೃತಿ. ಕಂಬಗಳ ನಡುವಿನ ಬಟ್ಟೆಯನ್ನು ಅಗಲಿಸಲೂ ಕುಗ್ಗಿಸಲೂ ಬರುವಂತೆ ಮಾಡಿದ್ದು. ಲ್ಯಾಟೆಕ್ಸ್ ಗಡುಸಾದ ಮೇಲೆ ಅದು ದಶಕಗಳ ಕಾಲ ಗುಗೆನ್‌ಹೈಮ್ ಸಂಗ್ರಹಾಲಯದ ಉಗ್ರಾಣದಲ್ಲಿತ್ತು. ದೀರ್ಘ ಸಂರಕ್ಷಣೆಯ ನಂತರ 2022ರಲ್ಲಿ ಮತ್ತೆ ಪ್ರದರ್ಶನಕ್ಕೆ ಬಂತು, ಕಂದಾಗಿ, ಹಳೆಯ ಮೃದುತ್ವ ಕಳೆದುಕೊಂಡು. ಅದನ್ನು ಹೊಸ ಲ್ಯಾಟೆಕ್ಸ್‌ನಲ್ಲಿ ಮತ್ತೆ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಮಾಡಬಾರದು, ಏಕೆಂದರೆ ಬಳಿದ ಕೈ ಈಗಿಲ್ಲ, ಆ ಕೃತಿಯ ಮೈಯೇ ಆ ಕೈಯ ಗುರುತು.

ಪ್ಲಾಸ್ಟಿಕ್ ಶಾಶ್ವತ ಎಂಬ ನಂಬಿಕೆಯೂ ಸುಳ್ಳು. 1920ರ ದಶಕದಲ್ಲಿ ನೌಮ್ ಗಾಬೊ ಸೆಲ್ಯುಲೋಸ್‌ನಿಂದ ತಯಾರಾದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಕೆಲವು ಕೃತಿಗಳು ಸೊಟ್ಟಗಾಗಿ ಬಿರುಕುಬಿಟ್ಟು ಹಾಳಾಗಿವೆ. ಸೆಲ್ಯುಲೋಸ್ ಅಸಿಟೇಟ್ ಹಳತಾದಂತೆ ವಿನೆಗರ್ ವಾಸನೆಯ ಆಮ್ಲವನ್ನು ಹೊರಬಿಡುತ್ತದೆ, ಆ ಆಮ್ಲವೇ ಉಳಿದ ಭಾಗದ ನಾಶವನ್ನು ಚುರುಕುಗೊಳಿಸುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಿಟ್ಟರೆ ಇನ್ನೂ ಬೇಗ ಹಾಳಾಗುತ್ತದೆ. ಸಾಂಪ್ರದಾಯಿಕ ಬಣ್ಣದ ಪೆಟ್ಟಿಗೆಯೂ ಇಂಥ ಅಪಾಯದಿಂದ ಹೊರತಲ್ಲ. ಹತ್ತೊಂಬತ್ತನೆಯ ಶತಮಾನದ ಚಿತ್ರಕಾರರು ಆಳವಾದ ಕಂದುಬಣ್ಣಕ್ಕಾಗಿ ಬಿಟುಮೆನ್, ಅಂದರೆ ಡಾಂಬರಿನ ಬಳಗದ ವಸ್ತುವನ್ನು, ತೈಲವರ್ಣಕ್ಕೆ ಬೆರೆಸುತ್ತಿದ್ದರು. ಅದು ಪೂರ್ತಿ ಒಣಗದೆ ಎಷ್ಟೋ ಚಿತ್ರಗಳ ಮೇಲ್ಮೈ ಮೊಸಳೆಯ ಚರ್ಮದಂತೆ ಸುಕ್ಕುಗಟ್ಟಿದೆ.

ಆದ್ದರಿಂದ ನಿಮಗೆ ನನ್ನ ಸಲಹೆ ಇಷ್ಟು. ಬಳಸಬೇಕೆಂದಿರುವ ಸಾಮಗ್ರಿಯ ಚೂರೊಂದನ್ನು ಹಲಗೆಗೆ ಅಂಟಿಸಿ, ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಬಳಿ ಕೆಲವು ತಿಂಗಳು ಇಡಿ. ಎರಡು ಅರ್ಧಗಳ ವ್ಯತ್ಯಾಸವೇ ಅದರ ಮುಂದಿನ ವರ್ಷಗಳ ಮುನ್ಸೂಚನೆ. ಗೋಣಿ ಬೆಳಕಿಗೆ ಹಳದಿಯಾಗಿ ಪೆಡಸಾಗುತ್ತದೆ, ಕಬ್ಬಿಣ ತೇವಕ್ಕೆ ತುಕ್ಕು ಹಿಡಿದು ಪಕ್ಕದ ಬಟ್ಟೆಯನ್ನೂ ತಿನ್ನುತ್ತದೆ, ಹಿಟ್ಟಿನ ಅಂಟು ಕೀಟಗಳನ್ನು ಕರೆಯುತ್ತದೆ. ಭಾರವಾದ ವಸ್ತುವನ್ನು ಅಂಟನ್ನಷ್ಟೇ ನಂಬಿ ನಿಲ್ಲಿಸಬೇಡಿ; ತಂತಿ, ಹೊಲಿಗೆ ಅಥವಾ ಮೊಳೆಯ ಆಧಾರ ಕೊಡಿ, ಆ ಆಧಾರವನ್ನು ಕೃತಿಯ ಭಾಗವಾಗಿ ಕಾಣಲು ಬಿಡುವ ಧೈರ್ಯವಿರಲಿ. ಪ್ಲಾಸ್ಟಿಕ್ ಸುಡುವ ಆಸೆಯನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ: ನೀರಿನ ಕೊಳವೆಗಳಿಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ ಸುಟ್ಟಾಗ ಹೊರಬರುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶವನ್ನು ಸುಡುವ ಅನಿಲ, ಮೂಗಿಗೆ ಕಟ್ಟಿಕೊಂಡ ಬಟ್ಟೆ ಅದನ್ನು ತಡೆಯುವುದಿಲ್ಲ.

ಕೃತಿ ಮುಗಿದ ಮೇಲೆ ಅದರ ಹಿಂಬದಿಗೆ ಒಂದು ಚೀಟಿ ಅಂಟಿಸಿ. ಯಾವ ಸಾಮಗ್ರಿ, ಎಲ್ಲಿಂದ ಬಂದದ್ದು, ಯಾವ ಅಂಟು, ಯಾವ ವರ್ಷ ಎಂಬುದರ ಜೊತೆಗೆ ಇನ್ನೂ ಒಂದು ವಿಷಯವನ್ನು ಅದರಲ್ಲಿ ಬರೆಯಬೇಕು: ಒಂದು ಚೂರು ಉದುರಿದರೆ ಅದನ್ನು ಬದಲಿಸಬಹುದೇ, ಅಥವಾ ಉದುರಿದ ಜಾಗವನ್ನು ಹಾಗೆಯೇ ಬಿಡಬೇಕೇ. ಇವತ್ತು ಸಂಗ್ರಹಾಲಯಗಳು ಬದುಕಿರುವ ಕಲಾವಿದರನ್ನು ಸಂದರ್ಶಿಸಿ ಕೇಳಿ ದಾಖಲಿಸುವ ಪ್ರಶ್ನೆಗಳಲ್ಲಿ ಇದೂ ಒಂದು, ಹೆಸ್ಸೆಯ ಕೃತಿಗಳ ಮುಂದೆ ನಿಂತ ಸಂರಕ್ಷಕರಿಗೆ ಸಿಗದೆ ಹೋದ ಉತ್ತರವೂ ಇದೇ.